ಒಂದು ಡಿಗ್ರಿ ಆದ ಮೇಲೆ ನರ್ಸಿಂಗ್: ಹಣ ಹೊಂದಿಸುವುದು ಹೇಗೆ?



ಬಾಗೂರು ಹೋಬಳಿಯ ಸಂಘಗಳ ಸಭೆಗಳಲ್ಲಿ ಹಾಲಿನ ರೇಟು, ಕೊಬ್ಬರಿ ರೇಟಿನ ಜೊತೆಗೆ ಈಗ ಇನ್ನೊಂದು ಮಾತೂ ಬರುತ್ತದೆ. "ಸಿಸ್ಟರ್, ಮಗಳು ಬಿ.ಎ. ಮುಗಿಸಿ ಮನೇಲಿ ಕೂತಿದ್ದಾಳೆ. ಈಗ ನರ್ಸಿಂಗ್ ಓದ್ತೀನಿ ಅಂತಾಳೆ. ಸಂಘದಿಂದ ಸಾಲ ಸಿಗುತ್ತಾ?" ಸೊಸೆಯ ವಿಷಯವಾಗಿ ಕೇಳುವವರೂ ಇದ್ದಾರೆ. ಆಸೆ ಒಳ್ಳೆಯದೇ. ಆದರೆ ಹಣದ ಮಾತಿಗೆ ಮೊದಲು ಯಾವ ಕೋರ್ಸು ಎಂಬುದು ತೀರ್ಮಾನವಾಗಬೇಕು. ಕೋರ್ಸು ತಪ್ಪಿದರೆ ಕಟ್ಟಿದ ಹಣವೂ ಹೋಯಿತು, ವರ್ಷವೂ ಹೋಯಿತು.

ಅಮೆರಿಕದಲ್ಲಿ ಬೇರೆ ಪದವಿ ಆದವರು ಬೇಕಾದ ವಿಜ್ಞಾನ ವಿಷಯಗಳನ್ನು ಮೊದಲು ಓದಿಕೊಂಡು, ಸುಮಾರು 12ರಿಂದ 18 ತಿಂಗಳಲ್ಲಿ ನರ್ಸಿಂಗ್ ಪದವಿ ಪಡೆಯುವ ವ್ಯವಸ್ಥೆ ಇದೆ. ಅಲ್ಲಿರುವ ನೆಂಟರು ಫೋನಿನಲ್ಲಿ ಹೇಳುವುದು ಇದನ್ನೇ. ನಮ್ಮಲ್ಲಿ ಅಂಥ ದಾರಿ ಇಲ್ಲ. ಬಿ.ಎ., ಬಿ.ಕಾಂ. ಏನೇ ಆಗಿರಲಿ, ಬಿ.ಎಸ್ಸಿ. ನರ್ಸಿಂಗ್ ಎಂದರೆ ಮೊದಲಿನಿಂದ ನಾಲ್ಕು ವರ್ಷ, ಜಿ.ಎನ್.ಎಂ. ಎಂದರೆ ಮೂರು ವರ್ಷ. "ಒಂದೇ ವರ್ಷದಲ್ಲಿ ನರ್ಸ್ ಆಗಿ" ಎಂಬ ಬೋರ್ಡು ಪೇಟೆಯಲ್ಲಿ ಕಂಡರೆ ಒಂದೇ ಪ್ರಶ್ನೆ ಕೇಳಿ: ಇದನ್ನು ಓದಿದರೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನರ್ಸ್ ಎಂದು ನೋಂದಣಿ ಆಗುತ್ತದೆಯೇ? ಅಂಥ ಸರ್ಟಿಫಿಕೇಟಿಗೆ ನೋಂದಣಿ ಇಲ್ಲ. ನೋಂದಣಿ ಇಲ್ಲದವಳು ಆಸ್ಪತ್ರೆಯಲ್ಲಿ ಎಷ್ಟು ವರ್ಷ ದುಡಿದರೂ ಸಹಾಯಕಿಯೇ, ಸಂಬಳವೂ ಅಷ್ಟೇ.

ಇಲ್ಲಿ ಲೆಕ್ಕಕ್ಕೆ ಬರುವುದು ಬಿ.ಎ. ಅಲ್ಲ, ಪಿ.ಯು.ಸಿ. ಬಿ.ಎಸ್ಸಿ. ನರ್ಸಿಂಗ್‌ಗೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಸೀಟು ಹಂಚುವುದು ಕೆ.ಇ.ಎ. ಕಲಾ ವಿಭಾಗದವಳಿಗೆ ಈ ಬಾಗಿಲು ಮುಚ್ಚಿದೆ, ಆದರೆ ಜಿ.ಎನ್.ಎಂ. ತೆರೆದಿದೆ. ಯಾವ ವಿಭಾಗವಾದರೂ ಸರಿ, ಪಿ.ಯು.ಸಿ.ಯಲ್ಲಿ ಇಂಗ್ಲಿಷ್ ಇದ್ದು ಶೇ. 40 ಅಂಕ ಬಂದಿರಬೇಕು. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಲ್ಲಿ ಎರಡಕ್ಕೂ ವಯಸ್ಸಿನ ಮಿತಿ 35. ಜಿ.ಎನ್.ಎಂ. ಆದವಳೂ ನೋಂದಾಯಿತ ನರ್ಸೇ. ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಓದಿದರೆ ಬಿ.ಎಸ್ಸಿ. ಪದವಿಯೂ ಸಿಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಕೈಯಲ್ಲಿ ಹಣ ಕಡಿಮೆ ಇದ್ದವರಿಗೆ ಜಿ.ಎನ್.ಎಂ. ಮೇಲು. ಒಂದು ವರ್ಷದ ಖರ್ಚೂ ಉಳಿಯಿತು, ಸಂಬಳವೂ ಒಂದು ವರ್ಷ ಮೊದಲೇ ಶುರುವಾಯಿತು.

ಈಗ ಹಣದ ವಿಷಯ. ಎರಡನೇ ಸಲ ಓದುವವರಿಗೆ ಇಲ್ಲೊಂದು ದೊಡ್ಡ ತೊಡಕಿದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮ ನೋಡಿ: ಒಂದು ಹಂತ ಮುಗಿಸಿ ಅದೇ ಹಂತದಲ್ಲಿ ಬೇರೆ ವಿಷಯ ಓದುವವರಿಗೆ, ಉದಾಹರಣೆಗೆ ಬಿ.ಎ. ಆದ ಮೇಲೆ ಬಿ.ಕಾಂ., ವೇತನ ಇಲ್ಲ. ಕೇಂದ್ರ ಸರ್ಕಾರದ ಶಿಕ್ಷಣ ಸಾಲದ ಬಡ್ಡಿ ಸಹಾಯಧನವೂ ಹಾಗೆಯೇ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೂ ಅದು ಸಿಗುವುದು ಒಂದೇ ಸಲ. ಮೊದಲ ಪದವಿಗೆ, ಇಲ್ಲವೇ ಸ್ನಾತಕೋತ್ತರಕ್ಕೆ. ಅಮೆರಿಕದಲ್ಲೂ ಬಡ ಮಕ್ಕಳಿಗೆ ಕೊಡುವ ಪೆಲ್ ಗ್ರಾಂಟ್ ಮೊದಲ ಪದವಿಗೇ ಸೀಮಿತ. ಎಲ್ಲಾ ಕಡೆ ಸರ್ಕಾರದ ಲೆಕ್ಕ ಒಂದೇ: ಒಂದು ಸಲ ಓದಿಸಿದ್ದೇವೆ, ಸಾಕು.

ಹಾಗಾಗಿ "ಸ್ಕಾಲರ್‌ಶಿಪ್ ಬರುತ್ತೆ, ಸೇರಿಸಿ" ಎಂದು ಕಾಲೇಜಿನವರು ಹೇಳಿದರೆ ಅಷ್ಟಕ್ಕೇ ನಂಬಬೇಡಿ. ಚನ್ನರಾಯಪಟ್ಟಣದಲ್ಲಿ ನಿಮಗೆ ಸಂಬಂಧಪಟ್ಟ ಇಲಾಖೆಯ ಕಚೇರಿಗೆ ಹೋಗಿ, ಬಿ.ಎ. ಆಗಿದೆ ಎಂದು ಹೇಳಿಯೇ ಕೇಳಿ. ಬಿ.ಎ. ಮುಚ್ಚಿಟ್ಟು ಅರ್ಜಿ ಹಾಕಿ ಎನ್ನುವ ಏಜೆಂಟರೂ ಇದ್ದಾರೆ. ಆಧಾರ್ ಜೋಡಣೆ ಆಗಿರುವ ಈ ಕಾಲದಲ್ಲಿ ಅದು ಒಂದು ದಿನ ಹೊರಗೆ ಬರುತ್ತದೆ, ಆಗ ಹಣ ವಾಪಸ್ ಕಟ್ಟಬೇಕಾದವರು ನೀವು.

ಉಳಿಯುವುದು ಬ್ಯಾಂಕಿನ ಶಿಕ್ಷಣ ಸಾಲ. ಮಾನ್ಯತೆ ಇರುವ ಕಾಲೇಜಿನ ನರ್ಸಿಂಗ್ ಪದವಿಗೂ ಡಿಪ್ಲೊಮಾಗೂ ಇದು ಸಿಗುತ್ತದೆ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ನಾಲ್ಕು ಲಕ್ಷದವರೆಗೆ ನಾವು ಕೈಯಿಂದ ಪಾಲು ಹಾಕಬೇಕಿಲ್ಲ, ಜಮೀನಿನ ಪತ್ರ ಇಡಬೇಕಿಲ್ಲ. ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಬೇಕು. ಮದುವೆಯಾದವಳಾದರೆ ಗಂಡ, ತವರಿನವರು, ಅತ್ತೆ ಮಾವ, ಇವರಲ್ಲಿ ಯಾರಾದರೂ ಸಹಿ ಹಾಕಬಹುದು. (ಗಂಡ ಒಪ್ಪಲಿಲ್ಲ ಎಂದು ಸುಮ್ಮನಾದವರು ಇದನ್ನು ಇನ್ನೊಮ್ಮೆ ಓದಿ.) ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ, ತೀರಿಸಲು 15 ವರ್ಷದವರೆಗೆ ಅವಧಿ. ಕಂತು ಇಲ್ಲ ಎಂದರೆ ಬಡ್ಡಿ ಇಲ್ಲ ಎಂದಲ್ಲ. ಇಲ್ಲೇ ನಮ್ಮವರು ಎಡವುವುದು.

ಲೆಕ್ಕಕ್ಕೆ ಶೇ. 10 ಬಡ್ಡಿ ಎಂದಿಟ್ಟುಕೊಳ್ಳಿ. ವರ್ಷದ ಮೊದಲಿಗೆ ಒಂದೊಂದು ಲಕ್ಷದಂತೆ ನಾಲ್ಕು ವರ್ಷ ಪಡೆದರೆ, ನಾಲ್ಕನೇ ವರ್ಷದ ಕೊನೆಗೆ ಸರಳ ಬಡ್ಡಿಯೇ ಒಂದು ಲಕ್ಷ. ಕೆಲಸ ಹುಡುಕುವ ಐದನೇ ವರ್ಷಕ್ಕೆ ಇನ್ನೂ 40,000. ಕಂತು ಶುರುವಾಗುವಾಗ ಸಾಲ 5 ಲಕ್ಷ 40 ಸಾವಿರ. ಹತ್ತು ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 7,100 ರೂಪಾಯಿ. ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟುತ್ತಾ ಬಂದರೆ ಸಾಲ ನಾಲ್ಕು ಲಕ್ಷದಲ್ಲೇ ನಿಲ್ಲುತ್ತದೆ, ಕಂತು ಸುಮಾರು 5,300. ಹಾಗೆ ಕಟ್ಟುವವರಿಗೆ ಬಡ್ಡಿಯಲ್ಲಿ ಶೇ. 1 ರಿಯಾಯಿತಿಯನ್ನೂ ಮಾದರಿ ಯೋಜನೆ ಹೇಳುತ್ತದೆ. ಬ್ಯಾಂಕಿನಲ್ಲಿ ಕೇಳಿ ಪಡೆಯಿರಿ.

ಸಂಘ ಬರಬೇಕಾದದ್ದು ಇಲ್ಲಿ. ಆಂತರಿಕ ಸಾಲದ ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ಇರುವ ಸಂಘಗಳಲ್ಲಿ ವರ್ಷಕ್ಕೆ 24 ಆಯಿತು, ಕಂತು ಮುಂದಿನ ತಿಂಗಳೇ ಶುರು. ಆ ಹಣದಲ್ಲಿ ನಾಲ್ಕು ವರ್ಷದ ಫೀಸು ಕಟ್ಟುವುದು ಬೇಡ. ಒಡವೆ ಸಾಲವೂ ಸಾಮಾನ್ಯವಾಗಿ ವರ್ಷದ ಲೆಕ್ಕದ್ದು. ಬ್ಯಾಂಕು ಕೊಡದ ಚಿಲ್ಲರೆ ಖರ್ಚು, ಹಾಸ್ಟೆಲ್ ಡಿಪಾಸಿಟ್ಟು, ಯೂನಿಫಾರಂ, ಮೊದಲ ಕಂತು ಬಿಡುಗಡೆ ತಡವಾದಾಗ ಕೈಸಾಲ, ಇವಕ್ಕೆ ಸಂಘದ ಸಾಲ ಸರಿ. ಇನ್ನು ಮೇಲಿನ ಲೆಕ್ಕದ ಬಡ್ಡಿ ಮೊದಲ ವರ್ಷ ತಿಂಗಳಿಗೆ ಸುಮಾರು 830 ರೂಪಾಯಿ, ನಾಲ್ಕನೇ ವರ್ಷ ಸುಮಾರು 3,300. ಡೇರಿ ಬಟವಾಡೆಯಿಂದ ತೆಗೆದಿಡಲು ಮೊದಲೆರಡು ವರ್ಷ ಕಷ್ಟವಿಲ್ಲ. ಕೊನೆಯ ಎರಡು ವರ್ಷಕ್ಕೆ ಈಗಲೇ ಬೇರೆ ಉಳಿತಾಯ ಶುರುಮಾಡಿ.

ಸೀಟು ಹಿಡಿಯುವ ಮೊದಲೇ ಬ್ಯಾಂಕಿಗೆ ಹೋಗಿ. ಮ್ಯಾನೇಜ್‌ಮೆಂಟ್ ಸೀಟನ್ನು ಕೆಲವು ಬ್ಯಾಂಕುಗಳು ಬೇರೆಯಾಗಿ ನೋಡುತ್ತವೆ. ಓದು ಯಾಕೆ ಬದಲಾಯಿತು, ನಡುವೆ ಎಷ್ಟು ವರ್ಷ ಬಿಟ್ಟಳು ಎಂದು ಮ್ಯಾನೇಜರು ಕೇಳಿಯೇ ಕೇಳುತ್ತಾರೆ; ಉತ್ತರವನ್ನು ಮಗಳೇ ಹೇಳಲಿ, ನೀವು ಹೇಳಬೇಡಿ. "ನಿಮ್ಮೂರು ನಮ್ಮ ಸರ್ವಿಸ್ ಏರಿಯಾಕ್ಕೆ ಬರೋಲ್ಲ" ಎಂದು ಶಿಕ್ಷಣ ಸಾಲದ ಅರ್ಜಿ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಸೂಚಿಸಿದೆ. ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಇಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ.

ಮುಂದಿನ ವಾರದ ಸಭೆಗೆ, ಮನೆಯಲ್ಲಿ ಈ ಯೋಚನೆ ಇರುವವರು ಮಗಳ ಪಿ.ಯು.ಸಿ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಕಾಲೇಜಿನವರು ಬರೆದುಕೊಟ್ಟ ಪೂರ್ತಿ ವರ್ಷಗಳ ಫೀಸು ಪಟ್ಟಿ ತನ್ನಿ. ಬಾಯಿಮಾತಿನ ಫೀಸು ಬೇಡ. ಅಂಕಪಟ್ಟಿಯ ಜೆರಾಕ್ಸ್ ಸಾಕು, ಮೂಲಪ್ರತಿ ಮನೆಯಲ್ಲೇ ಇರಲಿ.