ಅಪ್ಪನ ಯೆಜ್ಡಿಗೆ ಹೊಸ ಎಂಜಿನ್

ಅಪ್ಪ ಬಿಟ್ಟುಹೋದ 1977ರ ಯೆಜ್ಡಿ ಬೈಕಿಗೆ ಹೊಸ ಕಾಲದ ಎಂಜಿನ್ ಕೂರಿಸಬೇಕೆಂಬ ಹಟ ನನಗೆ ಹುಟ್ಟಿದ್ದು, ಅದರ ಪಿಸ್ಟನ್ ಎರಡನೇ ಸಲ ಹಿಡಿದುಕೊಂಡಾಗ. ಖಾದಿ ಗಂಟನ್ನು ಹಿಂದಕ್ಕೆ ಬಿಗಿದುಕೊಂಡು ಅಪ್ಪ ತಗಡೂರಿನಿಂದ ಹೊರಟರೆ ಸದ್ದಿನ ಮೇಲೇ ಗುರುತು ಸಿಗುತ್ತಿತ್ತು. ಯೆಜ್ಡಿ ತಯಾರಿಸುತ್ತಿದ್ದ, ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆಮೇಲೆ ಅಸಲಿ ಸಾಮಾನಿಗೆ ಅಲೆದಾಟ. ಇದರ ಬದಲು ನಿಶ್ಚಿಂತೆಯಾಗಿ ಓಡುವ ಎಂಜಿನ್ ಹಾಕಿದರೆ ಗಾಡಿ ಉಳಿಯುತ್ತದೆ ಎಂದುಕೊಂಡು, ಅಪಘಾತವಾಗಿ ಗುಜರಿ ಸೇರಿದ್ದ ಬೈಕಿನಿಂದ 150 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್ ತಂದೆ.

ಬೋಲ್ಟಿನ ಜಾಗ ಒಂದೂ ತಾಳೆಯಾಗಲಿಲ್ಲ. ಫ್ರೇಮಿನಲ್ಲಿ ಎಂಜಿನ್ ಹಿಡಿಯುವ ಮುಂದಿನ ಕಿವಿಯನ್ನು ಕೊಯ್ದು ಹೊಸ ಪಟ್ಟಿ ಬೆಸುಗೆ ಹಾಕಿಸಿದೆ. ಚೈನ್ ನೇರಕ್ಕೆ ಬರಲೆಂದು ಲೇತಿನಲ್ಲಿ ಬಿಲ್ಲೆ ಕಡೆಸಿದೆ. ಹಳೆಯದು 6 ವೋಲ್ಟು, ಹೊಸದು 12. ಹಾರನ್ನಿನಿಂದ ಹಿಂದಿನ ಬಲ್ಬಿನವರೆಗೆ ಎಲ್ಲ ಬದಲಾಯಿತು. ಯೆಜ್ಡಿಯಲ್ಲಿ ಗೇರಿನ ಕಡ್ಡಿಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಆ ಸೊಗಸೂ ಹೋಯಿತು. ಅದು ಹೋದಾಗಲೇ ನಾನು ಕೈ ನಿಲ್ಲಿಸಬೇಕಿತ್ತು.

ನಿಜವಾಗಿ ನನ್ನನ್ನು ಸೋಲಿಸಿದ್ದು ಸೈಲೆನ್ಸರ್. ಯೆಜ್ಡಿಗೆ ಸಿಲಿಂಡರ್ ಒಂದೇ, ಹೊಗೆಬಾಯಿ ಎರಡು, ಸೈಲೆನ್ಸರ್ ಎರಡು. ಹೊಸ ಎಂಜಿನ್ನಿಗೆ ಬಾಯಿ ಒಂದೇ. ಅಂದ ಕೆಡಬಾರದೆಂದು ಒಂದು ಪೈಪನ್ನು ಕವೆಯಂತೆ ಸೀಳಿ ಹಳೆಯ ಎರಡಕ್ಕೂ ಸೇರಿಸಿದೆ. ಗಾಡಿ ಎಳೆಯಲೇ ಇಲ್ಲ. ವರ್ಷಗಟ್ಟಲೆ ಆಯಿಲ್ ಬೆರೆತ ಹೊಗೆ ಕುಡಿದ ಆ ಸೈಲೆನ್ಸರುಗಳ ಒಳನಳಿಗೆಯ ತೂತುಗಳೆಲ್ಲ ಕರಿಯಿಂದ ಮುಚ್ಚಿಹೋಗಿದ್ದವು. ಕೋಪದಲ್ಲಿ ಅವನ್ನು ಕಿತ್ತು ಒಂದು ಬೋಳು ಪೈಪ್ ಹಾಕಿದೆ. ಬದನವಾಳಿಗೆ ಹೋಗಿ ಬರುವಷ್ಟರಲ್ಲಿ ಕಿವಿ ಗುಂಯ್‌ಗುಟ್ಟುತ್ತಿತ್ತು, ಅದುರಾಟಕ್ಕೆ ಮುಂದಿನ ಬೆಸುಗೆ ಬಿರುಕು ಬಿಟ್ಟಿತ್ತು.

ಐಡಿಯಲ್ ಜಾವಾದಲ್ಲಿ ದುಡಿದಿದ್ದ ಹಿರಿಯರೊಬ್ಬರ ಮುಂದೆ ಗಾಡಿ ನಿಲ್ಲಿಸಿದೆ. ಅವರು ಬೈಯಲಿಲ್ಲ. ಬಿರುಕಿನ ಮೇಲೆ ಬೆರಳಾಡಿಸಿ, "ಹಳೇ ಎಂಜಿನ್ ಎಲ್ಲಪ್ಪಾ? ಅದನ್ನ ತತ್ತಾ ಮೊದ್ಲು," ಅಂದರು.

ಬಿಚ್ಚಿದಾಗ ಗೊತ್ತಾದದ್ದು ಇಷ್ಟು: ಕ್ರ್ಯಾಂಕಿನ ಆಯಿಲ್ ಸೀಲ್ ಸವೆದು ಗಾಳಿ ಎಳೆಯುತ್ತಿತ್ತು. ಗಾಳಿ ಹೆಚ್ಚಾದರೆ ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ. ಯೆಜ್ಡಿಯಂಥ ಟೂ ಸ್ಟ್ರೋಕಿಗೆ ಪೆಟ್ರೋಲಿನ ಜೊತೆಗೇ ಆಯಿಲ್ ಹೋಗಬೇಕಾದ್ದರಿಂದ ಆಯಿಲೂ ಕಡಿಮೆಯಾಗಿ, ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಬೋರ್ ಮಾಡಿಸಿ ಪಿಸ್ಟನ್ ಬದಲಿಸಿದ್ದ ನಾನು ಸೀಲಿನ ಕಡೆ ನೋಡಿರಲೇ ಇಲ್ಲ. ಒಂದು ರಬ್ಬರ್ ಬಳೆಯ ದೋಷಕ್ಕೆ ಎಂಜಿನ್ನನ್ನೇ ಕಿತ್ತು ಮೂಲೆಗೆ ಹಾಕಿದ್ದೆ.

ಸೈಲೆನ್ಸರನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ತೊಳೆಯುತ್ತಾ ಅವರು ಇನ್ನೊಂದು ವಿಷಯ ತಿಳಿಸಿದರು. ಈ ಎಂಜಿನ್ನಿಗೆ ವಾಲ್ವ್ ಇಲ್ಲ. ಹೊಗೆ ಹೊರಡುವ ಕಿಂಡಿಯೂ ಹೊಸ ಪೆಟ್ರೋಲ್ ಬರುವ ಕಿಂಡಿಯೂ ಕ್ಷಣಕಾಲ ಒಟ್ಟಿಗೇ ತೆರೆದಿರುತ್ತವೆ. ಪೈಪಿನೊಳಗಿಂದ ಹಿಂದಕ್ಕೆ ಬಡಿಯುವ ಒತ್ತಡವೇ ಜಾರಿಹೋಗುವ ಪೆಟ್ರೋಲನ್ನು ತಡೆಯಬೇಕು. ಅದಕ್ಕೇ ಸೈಲೆನ್ಸರಿನ ಉದ್ದ, ಒಳಗಿನ ಅಳತೆ ಎಲ್ಲ ಎಂಜಿನ್ನಿನ ಲೆಕ್ಕದ್ದೇ. ಸದ್ದು ಅಡಗಿಸುವ ಡಬ್ಬಿಯಷ್ಟೇ ಅಲ್ಲ ಅದು. ಫ್ರೇಮೂ ಹಾಗೆಯೇ. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂದಾಗ 334 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್ನಿಗೆ ಫ್ರೇಮನ್ನೂ ಹೊಸದಾಗಿಯೇ ಕಟ್ಟಿದರು. ನಾನು ಗರಗಸ ಹಿಡಿದಿದ್ದೆ.

ಕಾನೂನನ್ನೂ ತಡವಾಗಿ ಓದಿಕೊಂಡೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. 2021ರ ನಿಯಮದಂತೆ, ಮೂಲ ರೂಪದಲ್ಲೇ ಉಳಿದು 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು.

ಅಪ್ಪನ ಗಾಡಿಗೆ 2027ಕ್ಕೆ 50 ತುಂಬುತ್ತದೆ. ಎಂಜಿನ್ ತನ್ನ ಜಾಗಕ್ಕೆ ಮರಳಿದೆ, ಎರಡೂ ಸೈಲೆನ್ಸರ್ ಹಾಡುತ್ತಿವೆ. ಕೊಯ್ದ ಕಿವಿಯನ್ನು ಹಿರಿಯರು ಅಳತೆ ಹಿಡಿದು ಮತ್ತೆ ಕೂಡಿಸಿಕೊಟ್ಟರು. ಬಣ್ಣದ ಅಡಿಯಲ್ಲಿ ಬೆಸುಗೆಯ ಗೆರೆ ಈಗಲೂ ಬೆರಳಿಗೆ ತಾಗುತ್ತದೆ.