ಕಚೇರಿಯ ಕಂಪ್ಯೂಟರಿಗೆ ವೈರಸ್ ಬಾಧೆ: ಹರಡುವ ಬಗೆ ಮತ್ತು ಹತೋಟಿ

ತೊಗರಿ ಬೆಳೆಯುವ ರೈತ ಬಾಂಧವರಿಗೆ ಗೊಡ್ಡು ರೋಗವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಗಿಡ ತಿಳಿಹಸಿರಾಗಿ ಪೊದೆಯಂತೆ ಬೆಳೆಯುತ್ತದೆ. ಹೂ, ಕಾಯಿ ಬಿಡುವುದಿಲ್ಲ. ಬರಿಗಣ್ಣಿಗೆ ಕಾಣದ ನುಸಿಯೊಂದು ಈ ನಂಜನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ತಗುಲಿದ ಗಿಡವನ್ನು ಗುಣಪಡಿಸುವ ಔಷಧಿ ಇಲ್ಲ; ಗಿಡ ಕಿತ್ತು ಹಾಕಿ, ನುಸಿಯನ್ನು ಹತೋಟಿಯಲ್ಲಿಡಿ ಎಂದು ನಾವು ಹೇಳುತ್ತ ಬಂದಿದ್ದೇವೆ. ಕಂಪ್ಯೂಟರಿನ ವೈರಸ್ ವಿಷಯದಲ್ಲಿಯೂ ಮೊದಲು ಗಮನಿಸಬೇಕಾದದ್ದು ಅದನ್ನು ಹೊತ್ತು ತರುವ ವಾಹಕವನ್ನೇ. ಬೇಸಾಯಶಾಸ್ತ್ರ ಕಲಿಸುವ ನನಗೆ ಇದನ್ನು ಬರೆಯುವ ಅಧಿಕಾರ ಎಲ್ಲಿಯದು ಎಂದು ಕೇಳಬಹುದು. ಅಧಿಕಾರವಿಲ್ಲ, ಪೆಟ್ಟು ತಿಂದ ಅನುಭವವಿದೆ.

ಇಂದು ಹಾಲು ಉತ್ಪಾದಕರ ಸಂಘಗಳಲ್ಲಿ ಲೀಟರು, ಕೊಬ್ಬಿನ ಅಂಶ, ಬಟವಾಡೆಯ ಲೆಕ್ಕ ಕಂಪ್ಯೂಟರಿನಲ್ಲಿ ಕುಳಿತಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣಗೊಳಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಮಂಜೂರಾತಿ ನೀಡಿತು. ಸಾಲದ ಮುಖ್ಯ ಲೆಕ್ಕ ದೂರದ ಸರ್ವರಿನಲ್ಲಿದ್ದರೂ ಸದಸ್ಯರ ಪಟ್ಟಿ, ಗೊಬ್ಬರದ ದಾಸ್ತಾನು, ನಡವಳಿ, ಪತ್ರಗಳು ಕಚೇರಿಯ ಯಂತ್ರದಲ್ಲಿಯೇ ಇರುತ್ತವೆ. ಅದನ್ನು ನೋಡಿಕೊಳ್ಳುವವರು ನಿಮ್ಮ ಮನೆಯ ಮಗನೋ ಮಗಳೋ ಆಗಿರಬಹುದು. ಈ ಲೇಖನವನ್ನು ಅವರಿಗೂ ಓದಲು ಕೊಡಿ.

ರೋಗಕಾರಕ

ಕಂಪ್ಯೂಟರ್ ವೈರಸ್ ಎಂಬುದು ಜೀವಾಣುವಲ್ಲ. ಕೆಡುಕಿಗೆಂದು ಮನುಷ್ಯರು ಬರೆದ ಆಜ್ಞೆಗಳ ಸರಣಿ. ಗಿಡದ ನಂಜು ಗಿಡದ ಜೀವಕೋಶವನ್ನು ಬಳಸಿಕೊಂಡು ತನ್ನನ್ನೇ ಹೆಚ್ಚಿಸಿಕೊಳ್ಳುವಂತೆ ಇದೂ ಯಂತ್ರವನ್ನು ಬಳಸಿಕೊಂಡು ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಇವುಗಳ ಕುಲ ದೊಡ್ಡದು. ಕೆಲವು ಕಡತಗಳನ್ನು ಮರೆಮಾಡುತ್ತವೆ, ಕೆಲವು ಪಾಸ್‌ವರ್ಡ್ ಕದಿಯುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ರ‍್ಯಾನ್ಸಮ್‌ವೇರ್ ಎಂಬ ಸುಲಿಗೆಯ ಜಾತಿ. ಇದು ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬೀಗದ ಕೈ ಬೇಕಾದರೆ ಹಣ ಕೊಡಿ ಎನ್ನುತ್ತದೆ.

2017ರ ಮೇ 12ರಂದು ಹರಡಿದ ‘ವಾನಾಕ್ರೈ’ ಈ ಜಾತಿಯದು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಅದು ತಗುಲಿತು. ಗಮನಿಸಬೇಕಾದ ಅಂಶವೆಂದರೆ, ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಕಂಪನಿ ಮಾರ್ಚ್ ತಿಂಗಳಲ್ಲಿಯೇ ಕೊಟ್ಟಿತ್ತು. ಎರಡು ತಿಂಗಳಾದರೂ ಅದನ್ನು ಹಾಕಿಕೊಳ್ಳದವರೇ ಹೆಚ್ಚಾಗಿ ಸಿಕ್ಕಿಬಿದ್ದರು. ನಮ್ಮ ದೇಶದಲ್ಲಿಯೇ 2024ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಒದಗಿಸುವ ಒಂದು ಸಂಸ್ಥೆಗೆ ಇಂಥದೇ ಬಾಧೆ ತಗುಲಿ, ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು ಎಂದು ವರದಿಯಾಗಿತ್ತು.

ಹರಡುವ ಬಗೆ

ಹಳ್ಳಿ, ಹೋಬಳಿಯ ಕಚೇರಿಗಳಲ್ಲಿ ಮುಖ್ಯ ವಾಹಕವೆಂದರೆ ಪೆನ್‌ಡ್ರೈವ್. ಜೆರಾಕ್ಸ್ ಅಂಗಡಿಯ ಯಂತ್ರಕ್ಕೆ ದಿನಕ್ಕೆ ಹತ್ತಾರು ಪೆನ್‌ಡ್ರೈವ್‌ಗಳು ಬಾಯಿ ಹಾಕುತ್ತವೆ. ಊರ ದನಗಳೆಲ್ಲ ಒಂದೇ ಬಾನಿಯಲ್ಲಿ ನೀರು ಕುಡಿದಂತೆ.

ಇಲ್ಲಿ ನನ್ನ ಕಥೆ ಹೇಳಬೇಕು. 2015ರಲ್ಲಿ ನಾನಿದ್ದ ಸಂಶೋಧನಾ ಕೇಂದ್ರದಲ್ಲಿ ಹಿಂಗಾರಿ ಜೋಳಕ್ಕೆ ಚೌಕುಮಡಿ ಹಾಕಿ ತೇವಾಂಶ ಕಾಯುವ ಪ್ರಯೋಗ ನಡೆದಿತ್ತು. ಮೂರು ವರ್ಷದ ಲೆಕ್ಕ ಒಂದೇ ಪೆನ್‌ಡ್ರೈವಿನಲ್ಲಿತ್ತು. ವರದಿಯೊಂದನ್ನು ಅಂಗಡಿಯಲ್ಲಿ ಮುದ್ರಿಸಿ ತಂದ ಮೇಲೆ ತೆರೆದು ನೋಡಿದರೆ ಫೋಲ್ಡರುಗಳಿರಲಿಲ್ಲ. ಅವುಗಳ ಹೆಸರಿನ ಶಾರ್ಟ್‌ಕಟ್‌ಗಳು ಮಾತ್ರ, ಮೂಲೆಯಲ್ಲಿ ಸಣ್ಣ ಬಾಣದ ಗುರುತಿನೊಂದಿಗೆ. ಒಂದೊಂದನ್ನೇ ಒತ್ತಿದೆ. ಒತ್ತಿದಾಗಲೇ ನಂಜು ಕಚೇರಿಯ ಯಂತ್ರಕ್ಕೂ ಇಳಿಯಿತೆಂದು ತಿಳಿದದ್ದು ಆಮೇಲೆ. ಎಲ್ಲವೂ ಅಳಿಸಿಹೋಯಿತೆಂದು ಭಾವಿಸಿ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ, ಅದರ ಮೇಲೆ ಬೇರೆ ಚಿತ್ರಗಳನ್ನು ತುಂಬಿದೆ.

ಮರುವಾರ ಬಂದ ತಂತ್ರಜ್ಞರು ಕೇಳಿ ತಲೆ ಚಚ್ಚಿಕೊಂಡರು. ಈ ವೈರಸ್ ಕಡತಗಳನ್ನು ಅಳಿಸುವುದೇ ಇಲ್ಲ, ಮರೆಮಾಡುತ್ತದೆ ಅಷ್ಟೆ. ಫೋಲ್ಡರುಗಳು ಕಾಣದಿದ್ದರೂ ಪೆನ್‌ಡ್ರೈವಿನ ಜಾಗ ತುಂಬಿದೆಯೆಂದು ತೋರಿಸುತ್ತಿದ್ದರೆ ಮಾಲು ಒಳಗೇ ಇದೆ ಎಂದರ್ಥ. ಮೊದಲು ಆ್ಯಂಟಿವೈರಸ್‌ನಿಂದ ಶುದ್ಧಿ ಮಾಡಿ, ನಂತರ ಮರೆಯಲ್ಲಿರುವ ಕಡತಗಳನ್ನು ತೋರಿಸುವಂತೆ ಯಂತ್ರಕ್ಕೆ ಸೂಚಿಸಿದ್ದರೆ ಎಲ್ಲವೂ ಸಿಗುತ್ತಿತ್ತು. ವೈರಸ್ ಮಾಡದ ನಷ್ಟವನ್ನು ನಾನು ಮಾಡಿಕೊಂಡಿದ್ದೆ. ಇಳುವರಿಯ ಅಂಕಿಗಳು ಪೆನ್ಸಿಲಿನಲ್ಲಿ ಬರೆದ ಕ್ಷೇತ್ರ ಪುಸ್ತಕದಲ್ಲಿ ಉಳಿದಿದ್ದವು. ಹದಿನೈದು ದಿನಕ್ಕೊಮ್ಮೆ ಮಣ್ಣು ತೆಗೆದು ಒಣಗಿಸಿ ತೂಗಿದ ತೇವಾಂಶದ ಅಂಕಿಗಳನ್ನು ನೇರವಾಗಿ ಕಂಪ್ಯೂಟರಿಗೆ ಹಾಕಿದ್ದೆವು, ಅವು ಹೋದವು. ಬಿಸಿಲಿನಲ್ಲಿ ಅಗರು ಹಿಡಿದು ಮಣ್ಣು ತೆಗೆದ ಕೂಲಿಯವರ ಮುಖ ನೋಡಲು ಬಹಳ ದಿನ ಸಂಕೋಚವಾಗುತ್ತಿತ್ತು.

ಎರಡನೆಯ ವಾಹಕ ಇ-ಮೇಲ್ ಮತ್ತು ವಾಟ್ಸ್‌ಆ್ಯಪ್‌ನಲ್ಲಿ ಬರುವ ಲಗತ್ತು. ‘ಬಾಕಿ ಬಿಲ್ಲು’, ‘ತೆರಿಗೆ ನೋಟಿಸು’ ಎಂಬ ಹೆಸರು ಹೊತ್ತಿರುತ್ತದೆ. ಕಡತದ ಹೆಸರಿನ ನಡುವೆ ಪಿಡಿಎಫ್ ಎಂದಿದ್ದು ಕೊನೆಯಲ್ಲಿ ಇಎಕ್ಸ್‌ಇ ಎಂದಿದ್ದರೆ ಅದು ಕಾಗದವಲ್ಲ, ಓಡುವ ತಂತ್ರಾಂಶ. ಹೆಸರಿನ ಬಾಲ ಪೂರ್ತಿ ಕಾಣುವಂತೆ ಯಂತ್ರವನ್ನು ಅಣಿಗೊಳಿಸಿಕೊಳ್ಳಿರಿ. ಪರಿಚಿತರ ವಿಳಾಸದಿಂದ ಬಂದರೂ ಅನುಮಾನವಿದ್ದರೆ ಫೋನ್ ಮಾಡಿ ಕೇಳಿರಿ. ಒಂದು ನಿಮಿಷದ ಕೆಲಸ.

ಮೂರನೆಯದು, ಹಣ ಉಳಿಸಲೆಂದು ಹಾಕಿಸುವ ಕಳ್ಳ ತಂತ್ರಾಂಶ. ಆ್ಯಂಟಿವೈರಸ್ ಆರಿಸಿ ನನ್ನನ್ನು ಒಳಗೆ ಬಿಡಿ ಎಂದು ಕೇಳುವ ಇಂಥ ಸರಕನ್ನು ಲೇಬಲ್ ಇಲ್ಲದ ಬಿತ್ತನೆ ಬೀಜದಂತೆ ದೂರವಿಡತಕ್ಕದ್ದು. ಕನ್ನಡ ಬರೆಯಲು ‘ನುಡಿ’ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ.

ಹತೋಟಿ ಕ್ರಮಗಳು

ವಿಂಡೋಸ್ 10 ಮತ್ತು 11ರಲ್ಲಿ ‘ಡಿಫೆಂಡರ್’ ಎಂಬ ಆ್ಯಂಟಿವೈರಸ್ ಕಟ್ಟಿಯೇ ಬಂದಿರುತ್ತದೆ. ಅದು ಚಾಲನೆಯಲ್ಲಿದೆಯೇ ಎಂದು ನೋಡಿಕೊಂಡರೆ ಸಣ್ಣ ಕಚೇರಿಗೆ ಬಹುಮಟ್ಟಿಗೆ ಸಾಕು. ಬೇರೆಯದನ್ನು ಕೊಳ್ಳುವುದಾದರೆ ಒಂದನ್ನೇ ಇಟ್ಟುಕೊಳ್ಳಿರಿ. ಎರಡು ಹಾಕಿದರೆ ಒಂದಕ್ಕೊಂದು ಅಡ್ಡಿ ಮಾಡಿ ಯಂತ್ರ ತೆವಳುತ್ತದೆ. ಸಿಕ್ಕಿದ ಎರಡು ಔಷಧಿಗಳನ್ನು ಒಂದೇ ಟ್ಯಾಂಕಿಗೆ ಸುರಿಯುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ, ಆದ್ದರಿಂದ ಹೇಳಿದೆ.

ಹೊರಗಿನ ಪೆನ್‌ಡ್ರೈವನ್ನು ತಪಾಸಣೆ ಮಾಡದೆ ತೆರೆಯಕೂಡದು. ಅಂಗಡಿಗೆ ಒಯ್ಯಲು ಬೇರೆಯೇ ಒಂದನ್ನು ಇಟ್ಟುಕೊಳ್ಳಬೇಕು. ಅದರಲ್ಲಿ ಮುದ್ರಿಸುವ ಕಾಗದದ ಹೊರತು ಏನೂ ಇರಬಾರದು. ಅಪ್‌ಡೇಟ್ ಬಂದಾಗ ‘ನಾಳೆ’ ಎನ್ನದೆ ಹಾಕಿಸಿರಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿದೆ. ಇಂಥ ಯಂತ್ರವಿದ್ದರೆ ಆಡಳಿತ ಮಂಡಳಿಯ ಸಭೆಯಲ್ಲಿ ವಿಷಯ ಮಂಡಿಸಿ. ದಿನನಿತ್ಯದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರವಿಲ್ಲದ ಸಾಧಾರಣ ಖಾತೆ ಬಳಸುವುದು ಉತ್ತಮ.

ಇಷ್ಟೆಲ್ಲ ಮಾಡಿದರೂ ಬಾಧೆ ಬರಬಹುದು. ಆದುದರಿಂದ ನನ್ನ ಮಟ್ಟಿಗೆ ಆ್ಯಂಟಿವೈರಸ್‌ಗಿಂತ ದೊಡ್ಡ ಕ್ರಮ ಬೀಜದ ಜೋಳಿಗೆಯನ್ನು ಬೇರೆ ಇಡುವುದು. ವಾರಕ್ಕೊಮ್ಮೆ, ಬಟವಾಡೆಯ ದಿನವಂತೂ ತಪ್ಪದೆ, ಲೆಕ್ಕದ ಪ್ರತಿಯನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ತೆಗೆದು, ಡಿಸ್ಕನ್ನು ಯಂತ್ರದಿಂದ ಬಿಡಿಸಿ ತಿಜೋರಿಯಲ್ಲಿಡಿ. ಬಿಡಿಸುವುದು ಮುಖ್ಯ, ಸುಲಿಗೆಯ ವೈರಸ್ ಅಂಟಿಕೊಂಡಿರುವ ಡಿಸ್ಕನ್ನೂ ಬಿಡುವುದಿಲ್ಲ. ಒಂದೇ ಡಿಸ್ಕಿನ ಬದಲು ಎರಡನ್ನು ಸರದಿಯಂತೆ ಬಳಸಿ, ಒಂದನ್ನು ಕಟ್ಟಡದ ಹೊರಗೆ ಇಡುವುದು ಇನ್ನೂ ಕ್ಷೇಮ. ಮೊಳಕೆ ಪರೀಕ್ಷೆ ಮಾಡುವಂತೆ ಮೂರು ತಿಂಗಳಿಗೊಮ್ಮೆ ಆ ಪ್ರತಿ ತೆರೆಯುತ್ತದೆಯೇ ಎಂದೂ ನೋಡಬೇಕು, ಶುದ್ಧವಾದ ಯಂತ್ರದಲ್ಲಿ.

ಬಾಧೆ ಕಂಡ ಕೂಡಲೇ

ಇಂಟರ್‌ನೆಟ್ ತಂತಿ ಕಳಚಿ, ವೈಫೈ ಆರಿಸಿ, ಪಕ್ಕದ ಯಂತ್ರಗಳಿಗೆ ಹರಡದಂತೆ ಮಾಡಿ. ಪರದೆಯ ಮೇಲಿನ ಬರಹದ ಫೋಟೋ ತೆಗೆದುಕೊಳ್ಳಿರಿ. ಗಾಬರಿಯಲ್ಲಿ ಬ್ಯಾಕಪ್ ಡಿಸ್ಕನ್ನು ಚುಚ್ಚಬೇಡಿ, ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಸುಲಿಗೆಯ ಹಣ ಕೊಡಬೇಡಿ; ಕೊಟ್ಟರೂ ಕಡತ ಮರಳುವ ಖಾತ್ರಿಯಿಲ್ಲ. ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬೇರೊಂದು ಶುದ್ಧ ಯಂತ್ರದಿಂದ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ಜಾಲತಾಣದಲ್ಲಿ ಶುದ್ಧಿಯ ಉಪಕರಣಗಳು ಉಚಿತವಾಗಿ ದೊರೆಯುತ್ತವೆ.

ಯಂತ್ರ ದುರಸ್ತಿಯಾಗುವವರೆಗೆ ಹಾಲು ಅಳೆಯುವುದು ನಿಲ್ಲುವುದಿಲ್ಲ. ಆದ್ದರಿಂದ ಪ್ರತಿ ಬಟವಾಡೆಯ ಪಟ್ಟಿಯನ್ನು ಮುದ್ರಿಸಿ, ಕಾರ್ಯದರ್ಶಿಗಳ ಸಹಿ ಹಾಕಿಸಿ, ಹಳೆಯ ಲೆಡ್ಜರಿನ ಪಕ್ಕದಲ್ಲಿ ಇಡುತ್ತ ಬನ್ನಿ. ನಮ್ಮ ಕೇಂದ್ರದಲ್ಲಿ ಈಗಲೂ ತೇವಾಂಶದ ಅಂಕಿಗಳನ್ನು ಮೊದಲು ಪೆನ್ಸಿಲಿನಲ್ಲಿ ಬರೆದು, ಆಮೇಲೆ ಕಂಪ್ಯೂಟರಿಗೆ ಹಾಕುತ್ತೇವೆ.