ಕೊಟೇಷನ್ನಿನಲ್ಲಿ ಇಲ್ಲದ 250 ಕಿಲೋ

ಮಿನಿ ಟ್ರ್ಯಾಕ್ಟರಿಗೆ ಲೋಡರ್ ಕೂರಿಸುವ ಆಸೆ ಈಗ ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಹಬ್ಬಿದೆ. ಗೊಬ್ಬರ ಹೊರಲು ಜನ ಇಲ್ಲ, ಇದ್ದರೂ ಸಂಬಳ ಕೊಟ್ಟು ಪೂರೈಸುವುದಿಲ್ಲ. ಅಂಕಣ ಬರೆಯುವವನೆಂದು ಕೆಲವರು ಕೊಟೇಷನ್ ತಂದು ನನಗೂ ತೋರಿಸುತ್ತಾರೆ. ಲೋಡರಿನ ಬೆಲೆ, ಹೈಡ್ರಾಲಿಕ್ ವಾಲ್ವು, ಜೋಡಣೆಯ ಕೂಲಿ, ಜಿಎಸ್‌ಟಿ, ಎಲ್ಲವೂ ಅದರಲ್ಲಿ ಇರುತ್ತದೆ. ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸುವ ತೂಕಕ್ಕೆ ಮಾತ್ರ ಒಂದು ಸಾಲೂ ಇರುವುದಿಲ್ಲ. ಕೇಳಿದರೆ, "ಅದು ಎಂತಕ್ಕೆ ಮಾರಾಯ್ರೆ, ಟ್ರ್ಯಾಕ್ಟರಿಗೇ ತೂಕ ಇದೆಯಲ್ಲ" ಎಂಬ ಉತ್ತರ.

ಇದೆ, ಆದರೆ ಎಲ್ಲಿದೆ ಎಂಬುದು ಪ್ರಶ್ನೆ. ಹಳೆಯ ತೋಟಗಳಲ್ಲಿ ಏತ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರಿನ ಮರಿಗೆ ಒಂದು ತುದಿಯಲ್ಲಿದ್ದರೆ ಮರದ ಇನ್ನೊಂದು ತುದಿಗೆ ಕಲ್ಲು ಕಟ್ಟುತ್ತಿದ್ದರು. ಲೋಡರ್ ಹಾಕಿದ ಟ್ರ್ಯಾಕ್ಟರಿನಲ್ಲಿ ಮುಂದಿನ ಆಕ್ಸಲೇ ಏತದ ಕಂಬ. ಬಕೆಟ್ಟು ಅದರಿಂದಲೂ ಮುಂದೆ ಇರುತ್ತದೆ.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಮುಂದಿನ ಮತ್ತು ಹಿಂದಿನ ಆಕ್ಸಲಿನ ನಡುವೆ ಒಂದೂವರೆ ಮೀಟರು. ಬಕೆಟ್ಟಿನಲ್ಲಿ 250 ಕೆ.ಜಿ. ಮಣ್ಣು, ಅದು ಮುಂದಿನ ಆಕ್ಸಲಿನಿಂದ ಒಂದು ಮೀಟರು ಮುಂದೆ. ಆಗ ಹಿಂದಿನ ಚಕ್ರಗಳ ಮೇಲಿನ ಭಾರ ಸುಮಾರು 167 ಕೆ.ಜಿ. ಇಳಿಯುತ್ತದೆ, ಮುಂದಿನ ಆಕ್ಸಲಿಗೆ 417 ಕೆ.ಜಿ. ಏರುತ್ತದೆ. ಹೊತ್ತದ್ದು 250, ಆಕ್ಸಲು ಹೊರುವುದು 417. ಲೋಡರಿನ ಕಬ್ಬಿಣದ ಸ್ವಂತ ತೂಕ ಈ ಲೆಕ್ಕದಲ್ಲಿ ಸೇರಿಲ್ಲ. ಈಗ ಹಿಂದಿನ ಲಿಂಕಿಗೆ, ಹಿಂದಿನ ಆಕ್ಸಲಿನಿಂದ 90 ಸೆಂ.ಮೀ. ಆಚೆ, 250 ಕೆ.ಜಿ. ತೂಕ ಸಿಕ್ಕಿಸಿ. ಹಿಂದಿನ ಚಕ್ರಗಳಿಗೆ 400 ಕೆ.ಜಿ. ಸೇರುತ್ತದೆ, ಮುಂದಿನ ಆಕ್ಸಲಿನಿಂದ 150 ಕೆ.ಜಿ. ಇಳಿಯುತ್ತದೆ. ಈ ಕೊನೆಯ 150 ಕೆ.ಜಿ.ಯೇ ನನ್ನ ಇಡೀ ವಾದ.

ಏಕೆಂದರೆ ಹಲವರು ತೂಕ ಬೇಕೆಂದು ಒಪ್ಪಿಕೊಂಡ ಮೇಲೆ ಹಿಂದಿನ ಟಯರಿಗೆ ನೀರು ತುಂಬಿಸಿ ಕೈತೊಳೆದುಕೊಳ್ಳುತ್ತಾರೆ. ನೀರು ತುಂಬಿಸುವುದು ಕೆಟ್ಟದ್ದಲ್ಲ, ಖರ್ಚೂ ಇಲ್ಲ. ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟದಂತೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ಅದು ರಿಮ್ಮನ್ನು ತಿನ್ನುತ್ತದೆ. ನಮಗೆ ಆ ಕಾಟ ಇಲ್ಲ, ಬಾವಿ ನೀರೇ ಸಾಕು. ವಾಲ್ವನ್ನು ಮೇಲಕ್ಕೆ ಮಾಡಿ ಮುಕ್ಕಾಲು ತುಂಬಿಸುವುದು ಕ್ರಮ. ಆದರೆ ಮಿನಿ ಟ್ರ್ಯಾಕ್ಟರಿನ ಸಣ್ಣ ಟಯರಿಗೆ ಹಿಡಿಯುವುದೇ ಕಡಿಮೆ, ಎರಡೂ ಸೇರಿ ನೂರು ಕೆ.ಜಿ. ಚಿಲ್ಲರೆ. ಅದಕ್ಕಿಂತ ದೊಡ್ಡ ಕೊರತೆ ಬೇರೆ: ಆ ನೀರಿನ ಭಾರ ನೇರ ಹಿಂದಿನ ಆಕ್ಸಲಿನ ಜಾಗದಲ್ಲೇ ಕೂರುತ್ತದೆ. ಹಿಂದಿನ ಚಕ್ರ ಎದ್ದೇಳದಂತೆ ಅದು ಹಿಡಿಯುತ್ತದೆ, ಮುಂದಿನ ಆಕ್ಸಲಿನಿಂದ ಒಂದು ಕಿಲೋವನ್ನೂ ಇಳಿಸುವುದಿಲ್ಲ. ಇಳಿಸಬೇಕಾದರೆ ತೂಕ ಆಕ್ಸಲಿನಿಂದ ಹಿಂದಕ್ಕೆ ಚಾಚಿರಬೇಕು. ನನ್ನ ಪರಿಚಯದ ಒಬ್ಬರಿಗೆ ಮುಂದಿನ ಆಕ್ಸಲ್ ಬಿಚ್ಚಿ ಸೀಲು, ಬೇರಿಂಗು ಬದಲಿಸಿದ ಬಿಲ್ಲು ಅರ್ಧ ಲಕ್ಷ ದಾಟಿತ್ತು. ಅವರ ಟಯರಿನಲ್ಲಿ ನೀರು ಇತ್ತು.

ಇನ್ನೊಂದು ತಮಾಷೆಯನ್ನೂ ನೋಡಿದ್ದೇನೆ. ಟ್ರ್ಯಾಕ್ಟರ್ ಕೊಳ್ಳುವಾಗ ಮುಂದಿನ ಬಂಪರಿಗೆ ಕಬ್ಬಿಣದ ವೇಟುಗಳನ್ನು ಉಚಿತವಾಗಿ ಕೊಟ್ಟಿರುತ್ತಾರೆ. ಅವು ಉಳುಮೆಗೆ, ಟ್ರೈಲರಿಗೆ, ಮೂತಿ ಮೇಲೇಳದಿರಲೆಂದು. ಲೋಡರ್ ಹಾಕಿದ ಮೇಲೂ ಕೆಲವರು ಅವನ್ನು ತೆಗೆಯುವುದಿಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಬಿಚ್ಚಿಡಲು ನಮಗೆ ಮನಸ್ಸು ಬಾರದು.

ನಮ್ಮ ಜಾಗದಲ್ಲಿ ಇದು ಬಯಲುಸೀಮೆಗಿಂತ ಹೆಚ್ಚು ಮುಖ್ಯ. ಗುಟ್ಟಿಗಾರು, ಪಂಜದ ಕಡೆ ಮನೆ ಗುಡ್ಡೆಯಲ್ಲಿ, ತೋಟ ತಗ್ಗಿನಲ್ಲಿ. ನಡುವೆ ಧರೆ ಕಡಿದ ಮಣ್ಣಿನ ಮಾರ್ಗ, ಮಳೆಗಾಲದಲ್ಲಿ ಹಾವಸೆ. ಹೆಚ್ಚಿನ ಮಿನಿ ಟ್ರ್ಯಾಕ್ಟರುಗಳಿಗೆ ಬ್ರೇಕು ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಬಕೆಟ್ಟು ತುಂಬಿಸಿ ಇಳಿಯುವಾಗ ಹಿಂದಿನ ಚಕ್ರ ಹಗುರವಾದರೆ ಬ್ರೇಕು ಒತ್ತಿ ಏನು ಫಲ, ಚಕ್ರ ನಿಲ್ಲುತ್ತದೆ, ಗಾಡಿ ಜಾರುತ್ತದೆ. ಫೋರ್‌ವ್ಹೀಲ್ ಹಾಕಿಕೊಂಡೇ ಇಳಿಯಬೇಕು, ಆಗ ಮುಂದಿನ ಚಕ್ರವೂ ಸ್ವಲ್ಪ ಹಿಡಿಯುತ್ತದೆ. ತುಂಬಿದ ಬಕೆಟ್ಟು ಗುಡ್ಡೆಯ ಕಡೆಗೆ ಇರಬೇಕು, ಅಂದರೆ ಇಳಿಯುವಾಗ ರಿವರ್ಸಿನಲ್ಲಿ. ಬಕೆಟ್ಟು ನೆಲಕ್ಕೆ ಎಷ್ಟು ಹತ್ತಿರವೋ ಅಷ್ಟು ಕ್ಷೇಮ. ಅಡ್ಡಕ್ಕೆ ಮಗಚುವುದರ ಕಾರಣವೂ ಇಲ್ಲೇ ಇದೆ: ಮುಂದಿನ ಆಕ್ಸಲು ನಡುವಿನ ಒಂದು ಪಿನ್ನಿನ ಮೇಲೆ ತೂಗಾಡುತ್ತದೆ, ಅಡ್ಡ ಹಿಡಿತವನ್ನು ಕೊಡುವುದು ಹಿಂದಿನ ಎರಡು ಚಕ್ರ. ಅವು ಹಗುರವಾದವೆಂದರೆ ಒಂದು ಕಲ್ಲು ಹತ್ತಿದರೂ ಸಾಕು. ಒಣ ಹಟ್ಟಿಗೊಬ್ಬರ ತುಂಬಿ ಅಭ್ಯಾಸವಾದ ಕೈಗೆ ಮಳೆಯಲ್ಲಿ ನೆನೆದ ಕೆಂಪುಮಣ್ಣು ಮೋಸ ಮಾಡುತ್ತದೆ. ಅದೇ ಬಕೆಟ್ಟು, ತೂಕ ಇಮ್ಮಡಿಗೂ ಮಿಕ್ಕಿ.

ತೂಕ ಮಾಡಿಸಲು ಎಷ್ಟು ಬೇಕು? ನಾನು ಮಾಡಿಸಿದ್ದು ಕಾಂಕ್ರೀಟಿನದು. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನು ಅರ್ಧಕ್ಕೆ ಕೊಯ್ದರೆ ನೂರು ಲೀಟರು. ಕಾಂಕ್ರೀಟು ಲೀಟರಿಗೆ ಸುಮಾರು 2.4 ಕೆ.ಜಿ., ಅಲ್ಲಿಗೆ 240 ಕೆ.ಜಿ. ಆಯಿತು. ಒಂದಕ್ಕೆ ಎರಡು ಮರಳು, ನಾಲ್ಕು ಜಲ್ಲಿ ಹಾಕಿದರೆ ಸಿಮೆಂಟು ಒಂದು ಚೀಲವೂ ಪೂರ್ತಿ ಖರ್ಚಾಗುವುದಿಲ್ಲ. ನಿಜವಾದ ಖರ್ಚು ವೆಲ್ಡಿಂಗಿನದು. ಕೆಳಗಿನ ಎರಡು ಲಿಂಕಿಗೆ 22 ಮಿ.ಮೀ. ಪಿನ್ನು, ಮೇಲಿನ ಲಿಂಕಿಗೆ 19 ಮಿ.ಮೀ., ಇದು ಒಂದನೇ ಕೆಟಗರಿಯ ಅಳತೆ. ಬರಿಯ ಸರಳು ಬಾಗುತ್ತದೆ, ದಪ್ಪ ಚಾನಲ್ಲಿನ ತುದಿಗೆ ಪಿನ್ನು ಬೆಸೆದು ಅದನ್ನು ಕಾಂಕ್ರೀಟಿನೊಳಗೆ ಹಾಯಿಸಬೇಕು. ಸವಣೂರಿನ ಹತ್ತಿರದ ವೆಲ್ಡಿಂಗ್ ಶಾಪಿನವ, "ಅಣ್ಣ, ಗುಜರಿ ಕಬ್ಬಿಣ ಸಾಕಲ್ಲ" ಎಂದಾಗ ಒಪ್ಪಲಿಲ್ಲ. ಕಾಲು ಟನ್ನು ನೇತಾಡುವ ಜಾಗಕ್ಕೆ ಹೊಸ ಕಬ್ಬಿಣವೇ ಇರಲಿ. ಎಲ್ಲ ಸೇರಿ ಹತ್ತು ಸಾವಿರದೊಳಗೆ ಮುಗಿಯಿತು. ಎರಕ ಹೊಯ್ದ ಮೇಲೆ ವಾರವಾದರೂ ಒದ್ದೆ ಗೋಣಿ ಹೊದಿಸಿಡಿ, ಪೂರ್ತಿ ಗಟ್ಟಿಯಾಗಲು 28 ದಿನ ಎಂಬುದು ಇಲ್ಲಿಗೂ ಅನ್ವಯ.

ಭಾರ ಹೆಚ್ಚಾದಷ್ಟೂ ಒಳ್ಳೆಯದೆಂದು ಪೂರ್ತಿ ಡ್ರಮ್ಮಿಗೇ ಹೊಯ್ದರೆ 480 ಕೆ.ಜಿ. ಆಗುತ್ತದೆ. 24 ಅಶ್ವಶಕ್ತಿಯ ಮಿನಿ ಟ್ರ್ಯಾಕ್ಟರಿನ ಲಿಫ್ಟು 750 ಕೆ.ಜಿ. ಎತ್ತುತ್ತದೆಂದು ಪುಸ್ತಕದಲ್ಲಿ ಇದ್ದರೂ, ಹಿಂದಿನ ಆಕ್ಸಲು ಮತ್ತು ಟಯರಿನ ಮಿತಿ ಬೇರೆ ಇದೆ. ಲೋಡರಿನ ಪುಸ್ತಕದಲ್ಲಿ ಎಷ್ಟು ಹೇಳಿದೆಯೋ ಅಷ್ಟಕ್ಕೆ ನಿಲ್ಲಿಸಿ. 2.7 ಮೀಟರು ಅಂತರದ ಅಡಿಕೆ ಸಾಲಿನೊಳಗೆ ತಿರುಗಿಸಬೇಕಾದ್ದೂ ಇದೆ, ಹಿಂದೆ ಉದ್ದ ಚಾಚಿದರೆ ಬುಡಕ್ಕೆ ತಾಗುತ್ತದೆ.

ಈಗ ದೊಡ್ಡ ಲೆಕ್ಕ. ನನಗೆ ಬಂದ ಲೋಡರಿನ ಕೊಟೇಷನ್ 1.6 ಲಕ್ಷ. ಜೆಸಿಬಿಗೆ ಕೊನೆಗೆ ಕೊಟ್ಟ ಬಾಡಿಗೆ ಗಂಟೆಗೆ 1,300 ರೂಪಾಯಿ. ಅಂದರೆ ಲೋಡರಿನ ದುಡ್ಡಿಗೆ ಜೆಸಿಬಿ 123 ಗಂಟೆ ದುಡಿಯುತ್ತದೆ, ಅದರ ಒಂದು ಗಂಟೆಗೆ ನಮ್ಮ ಸಣ್ಣ ಬಕೆಟ್ಟು ಮೂರು ಗಂಟೆ ಬೆವರಬೇಕು. ತೋಟಕ್ಕೆ ಮಣ್ಣು ಹಾಕುವುದಕ್ಕೆಂದೇ ಲೋಡರ್ ಕೊಳ್ಳುವುದು ನನ್ನ ಮಟ್ಟಿಗೆ ದಂಡ. ಜೆಸಿಬಿ ಹೋಗದ ಸಾಲಿನೊಳಗೆ, ಗೊಬ್ಬರಕ್ಕೆ, ಸೊಪ್ಪಿಗೆ, ಅಂಗಳದ ಅಡಿಕೆ ಮಳೆ ಬರುವ ಮೊದಲು ಒಳಗೆ ಹಾಕುವುದಕ್ಕೆ, ಹೀಗೆ ಚಿಲ್ಲರೆ ಕೆಲಸ ವರ್ಷವಿಡೀ ಇದ್ದವರಿಗೆ ಮಾತ್ರ ಅದು ಗಿಟ್ಟುತ್ತದೆ. ಸಂಪಾಜೆ, ಅರಂತೋಡಿನ ಕಡೆ ಹಳದಿ ಎಲೆ ರೋಗ ಫಸಲು ನುಂಗಿದ ತೋಟಗಳಲ್ಲಿ ಸಾಲ ಮಾಡಿ ಯಂತ್ರ ತರುವ ಮೊದಲು ಎರಡು ಸಲ ಯೋಚಿಸುವುದು ಒಳ್ಳೆಯದು.

ಕೊಳ್ಳುವುದೇ ಆದರೆ ತೂಕವನ್ನೂ ಕೊಟೇಷನ್ನಿಗೆ ಸೇರಿಸಿ ಎಂದು ಹಟ ಹಿಡಿಯಿರಿ. 2023-24ರ ರಾಜ್ಯ ಬಜೆಟ್ಟಿನಲ್ಲಿ ಸಹಕಾರಿ ಸಂಘಗಳ ಶೇ. 3 ಬಡ್ಡಿಯ ಮಧ್ಯಮಾವಧಿ, ದೀರ್ಘಾವಧಿ ಸಾಲದ ಮಿತಿ 10 ಲಕ್ಷದಿಂದ 15 ಲಕ್ಷಕ್ಕೆ ಏರಿದೆ. ನಿಮ್ಮ ಸೊಸೈಟಿಯಲ್ಲಿ ಯಂತ್ರಕ್ಕೆ ಅದು ಸಿಗುವುದಾದರೆ, ಕಾಗದದಲ್ಲಿ ಇದ್ದದ್ದಕ್ಕೆ ಮಾತ್ರ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಅದರಲ್ಲಿ ಉಳಿದ ದುಡ್ಡಿನ ಒಂದು ತುಂಡು ಹಿಂದಿನ ತೂಕಕ್ಕೆ ಹೋಗಲಿ.

ವಿಮೆಯ ವಿಷಯ ಯಾರೂ ಕೇಳುವುದಿಲ್ಲ, ನಾನೇ ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲಿ ಪಹಣಿ ಅಪ್ಪನ ಹೆಸರಿನಲ್ಲಿ, ಸಬ್ಸಿಡಿಗಾಗಿ ಟ್ರ್ಯಾಕ್ಟರೂ ಅಪ್ಪನ ಹೆಸರಿನಲ್ಲಿ, ಓಡಿಸುವವ ಮಗ. ಪಾಲಿಸಿಯ ಜೊತೆಗೆ ಬರುವ 15 ಲಕ್ಷದ ಕಡ್ಡಾಯ ಅಪಘಾತ ವಿಮೆ ಮಾಲೀಕನೇ ಚಾಲಕನಾಗಿದ್ದಾಗ, ಅವನಲ್ಲಿ ಲೈಸೆನ್ಸ್ ಇದ್ದಾಗ ಮಾತ್ರ. ಮಗನಿಗೆ ಅದು ಬರುವುದಿಲ್ಲ. ಅವನ ಹೆಸರಿಗೆ ಬೇರೆ ಅಪಘಾತ ವಿಮೆ ಮಾಡಿಸಬೇಕು. ಕಡೆಗೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾದ ಎರಡು ಲಕ್ಷವಾದರೂ ಇರಲಿ. ಸಂಬಳದ ಡ್ರೈವರ್ ಇದ್ದರೆ ಅವನ ಹೊಣೆಗಾರಿಕೆ ಪಾಲಿಸಿಯಲ್ಲಿ ಸೇರಿದೆಯೇ ಎಂದು ಓದಿ ನೋಡಿ. ಲೋಡರ್ ಜೋಡಿಸಿದ್ದನ್ನು ವಿಮೆ ಕಂಪೆನಿಗೆ ಬರವಣಿಗೆಯಲ್ಲಿ ತಿಳಿಸಿ, ಉತ್ತರವನ್ನು ಪಾಲಿಸಿಯ ಜೊತೆಗೇ ಇಡಿ.

ನನ್ನ ಅರ್ಧ ಡ್ರಮ್ಮು ಈಗ ನೆರೆಮನೆಯವರ ಟ್ರ್ಯಾಕ್ಟರಿಗೂ ಹೋಗಿಬರುತ್ತದೆ. ಕಂಪೆನಿ ಬೇರೆ, ಪಿನ್ನಿನ ಅಳತೆ ಒಂದೇ. ಬಾಡಿಗೆ ಬೇಡವೆಂದಿದ್ದೇನೆ, ಪಿನ್ನಿಗೆ ಗ್ರೀಸು ಹಚ್ಚಿ ವಾಪಸು ಕೊಡಬೇಕೆಂಬುದು ಒಂದೇ ಕರಾರು.